ದಾರಿ ನೋಡುವ ಮುನ್ನ ಗೋಡೆಗೆ ಬೆನ್ನು ಕೊಡಿ

ನಮಸ್ಕಾರ ಕೇಳುಗರೇ. ಗೊತ್ತಿಲ್ಲದ ದೇಶದ ದೊಡ್ಡ ಊರುಗಳಲ್ಲಿ ಹುಷಾರಾಗಿ ಓಡಾಡೋದು ಹೇಗೆ ಅಂತ ಇವತ್ತು ಮಾತಾಡೋಣ. ನಾನು ಮೊದಲ ಸಲ ಪ್ಯಾರಿಸ್‌ಗೆ ಹೋದಾಗ ಸೆನ್ ನದಿಯ ದಂಡೆಯಲ್ಲಿ ಒಬ್ಬಾಕೆ ಸರಕ್ಕನೆ ಬಗ್ಗಿ ನನ್ನ ಕಾಲ ಬುಡದಿಂದ ಒಂದು ಉಂಗುರ ಎತ್ತಿಕೊಂಡಳು. ದಪ್ಪನೆಯ ಹಳದಿ ಉಂಗುರ. ನಿಮ್ಮದಾ ಅಂತ ಸನ್ನೆ ಮಾಡಿದಳು. ಅಲ್ಲ ಅಂದೆ. ಒಳಬದಿಯ ಮುದ್ರೆ ತೋರಿಸಿದಳು, ತನ್ನ ಬೆರಳಿಗೆ ಹಾಕಿ ನೋಡಿದಳು, ಹಿಡಿಸಲಿಲ್ಲ, ಕೊನೆಗೆ ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿ ಹೊರಟೇಬಿಟ್ಟಳು. ನಾಲ್ಕು ಹೆಜ್ಜೆ ಹೋಗಿ ವಾಪಸ್ ಬಂದಳು. ಊಟಕ್ಕೆ ಏನಾದರೂ ಕೊಡಿ ಅಂತ.

ಐದು ಯೂರೋ ಕೊಟ್ಟೆ. ಉಂಗುರ ಹಿತ್ತಾಳೆಯದು, ಮೂರನೇ ದಿನಕ್ಕೆ ಬೆರಳ ಸುತ್ತ ಹಸಿರು ಗೆರೆ ಮೂಡಿತು. ಐದು ಯೂರೋ ಹೋದದ್ದಕ್ಕೆ ಬೇಜಾರಿಲ್ಲ. ಆದರೆ ಕೊಡುವಾಗ ನಾನು ಮಾಡಿದ್ದೇನು? ನಡುಬೀದಿಯಲ್ಲಿ ನಿಂತು ಪರ್ಸ್ ಬಿಚ್ಚಿದೆ. ನನ್ನ ದುಡ್ಡು ಯಾವ ಜೇಬಿನಲ್ಲಿದೆ, ಎಷ್ಟಿದೆ ಅಂತ ಅಲ್ಲಿದ್ದವರಿಗೆಲ್ಲ ನಾನೇ ತೋರಿಸಿಕೊಟ್ಟೆ. ಪುಣ್ಯಕ್ಕೆ ಅವತ್ತು ಅಷ್ಟರಲ್ಲೇ ಮುಗಿಯಿತು.

ಆಮೇಲೆ ಗೊತ್ತಾಯಿತು, ಇದು ಆ ಊರಿನ ಹಳೇ ಆಟವಂತೆ. ದೊಡ್ಡ ಊರಿನ ಕಳ್ಳರಲ್ಲಿ ಚಾಕು ತೋರಿಸುವವರು ಕಡಿಮೆ, ಮಾತಾಡಿಸುವವರು ಜಾಸ್ತಿ. ಪ್ಯಾರಿಸ್‌ನ ಮಾಂಟ್‌ಮಾರ್ಟ್ರ್ ಗುಡ್ಡದ ಚರ್ಚಿನ ಮೆಟ್ಟಿಲ ಹತ್ತಿರ ಬಣ್ಣದ ದಾರ ಹಿಡಿದವರು ಸುಮ್ನೆ ನಿಮ್ಮ ಬೆರಳಿಗೆ ಕಟ್ಟಲು ಶುರು ಮಾಡುತ್ತಾರೆ, ಕಟ್ಟಿದ ಮೇಲೆ ದುಡ್ಡು ಕೇಳುತ್ತಾರೆ. ಲಂಡನ್ನಿನ ವೆಸ್ಟ್‌ಮಿನ್ಸ್ಟರ್ ಸೇತುವೆ ಮೇಲೆ ಮೂರು ಲೋಟ, ಒಂದು ಚೆಂಡಿನ ಆಟ ನಡೆಯುತ್ತಿರುತ್ತದೆ, ಚೆಂಡು ಯಾವ ಲೋಟದ ಕೆಳಗಿದೆ ಅಂತ ದುಡ್ಡು ಕಟ್ಟೋದು. ಅಲ್ಲಿ ಗೆದ್ದು ಕುಣಿಯುವವರು ಆಡಿಸುವವನ ಕಡೆಯವರೇ. ಬ್ಯಾಂಕಾಕ್‌ನಲ್ಲಿ ಗ್ರ್ಯಾಂಡ್ ಪ್ಯಾಲೇಸ್ ಕಡೆ ನಡೆಯುತ್ತಿದ್ದರೆ, ಒಳ್ಳೆ ಬಟ್ಟೆ ಹಾಕಿದ ಒಬ್ಬರು ಬಂದು, ಅಯ್ಯೋ ಇವತ್ತು ಅರಮನೆ ಮುಚ್ಚಿದೆ, ಈ ಟುಕ್‌ಟುಕ್ ಆಟೊ ಹತ್ತಿ, ಡ್ರೈವರ್ ಬೇರೆ ಜಾಗ ತೋರಿಸುತ್ತಾನೆ ಅಂತಾರೆ. ಅರಮನೆ ತೆರೆದೇ ಇರುತ್ತದೆ. ಟುಕ್‌ಟುಕ್ ಹೋಗಿ ನಿಲ್ಲೋದು ಹರಳಿನ ಅಂಗಡಿ ಮುಂದೆ.

ಹಾಗಾದರೆ ಏನು ಮಾಡಬೇಕು? ನಿಲ್ಲಬಾರದು, ಅಷ್ಟೇ. ಬೇಡ ಅಂದು ನಡೆಯುತ್ತಲೇ ಇರಬೇಕು. ಯಾಕೆ ಬೇಡ ಅಂತ ವಿವರಿಸಲು ಹೋದಿರೋ, ಮಾತು ಬೆಳೆಯಿತು ಅಂತಲೇ ಲೆಕ್ಕ. ಕರೆದವರಿಗೆ ಉತ್ತರ ಕೊಡದೆ ಹೋಗೋದು ನನಗೆ ಇವತ್ತಿಗೂ ಒರಟು ಅನ್ನಿಸುತ್ತದೆ, ಆದರೂ ಹೋಗುತ್ತೇನೆ. ಪೊಲೀಸ್ ಅಂತ ಹೇಳಿಕೊಂಡು ಯಾರಾದರೂ ಬೀದಿಯಲ್ಲೇ ನಿಮ್ಮ ಪರ್ಸ್ ಕೇಳಿದರೆ, ಕೊಡಬೇಡಿ, ಠಾಣೆಗೇ ಹೋಗೋಣ ನಡೀರಿ ಅನ್ನಿ. ನಕಲಿಯವರು ಅಲ್ಲೇ ಕರಗುತ್ತಾರೆ.

ಇನ್ನು ಫೋನು. ದಾರಿ ಗೊತ್ತಿಲ್ಲದವರು ಫುಟ್‌ಪಾತಿನ ಅಂಚಿಗೆ ಬಂದು, ರಸ್ತೆ ಕಡೆ ಕೈ ಚಾಚಿ, ಮ್ಯಾಪ್ ನೋಡುತ್ತಾರಲ್ವಾ? ಲಂಡನ್ನಿನಲ್ಲಿ ಬ್ಯಾಟರಿ ಸೈಕಲ್ಲಿನಲ್ಲಿ ಬರುವವರು ಕಾಯೋದು ಇದನ್ನೇ. ಕಣ್ಣು ಮಿಟುಕಿಸುವಷ್ಟರಲ್ಲಿ ಫೋನ್ ಹೋಗಿರುತ್ತದೆ. ಮ್ಯಾಪ್ ನೋಡಬೇಕಾದರೆ ಅಂಗಡಿಯೊಳಗೆ ಹೋಗಿ, ಇಲ್ಲವೇ ಗೋಡೆಗೆ ಬೆನ್ನು ಕೊಟ್ಟು ನಿಂತು, ಮುಂದಿನ ಎರಡು ತಿರುವು ನೆನಪಿಟ್ಟುಕೊಂಡು, ಫೋನ್ ಒಳಗಿಟ್ಟು ಹೊರಡಿ. ಮೆಟ್ರೋದಲ್ಲಿ ಬಾಗಿಲ ಪಕ್ಕ ಫೋನ್ ಹಿಡಿದು ನಿಲ್ಲಬೇಡಿ. ಬಾಗಿಲು ಮುಚ್ಚುವ ಕ್ಷಣದಲ್ಲಿ ಕಿತ್ತುಕೊಂಡು ಇಳಿದರೆ ನೀವು ಒಳಗೆ, ಫೋನ್ ಹೊರಗೆ.

ಬಂದಿಳಿದ ಮೊದಲ ಒಂದು ಗಂಟೆ ಇದೆಯಲ್ಲ, ಅದು ನನ್ನ ಪ್ರಕಾರ ಎಲ್ಲಕ್ಕಿಂತ ಕಷ್ಟದ್ದು. ನಿದ್ದೆಗೆಟ್ಟಿರುತ್ತೀರಿ, ಕೈ ತುಂಬಾ ಸಾಮಾನು, ಹೊಸ ದುಡ್ಡಿನ ಲೆಕ್ಕ ತಲೆಗೆ ಹತ್ತಿರಲ್ಲ. ಆಗಲೇ ಒಬ್ಬ ಬಂದು ಟ್ಯಾಕ್ಸಿ ಬೇಕಾ ಅಂತಾನೆ. ಅದಕ್ಕೇ ವಿಮಾನ ಹತ್ತುವ ಮೊದಲೇ ಇಳಿದ ಮೇಲೆ ಹೇಗೆ ಹೋಗೋದು ಅಂತ ತೀರ್ಮಾನ ಮಾಡಿಕೊಂಡಿರಿ. ನ್ಯೂಯಾರ್ಕಿನ ಜೆಎಫ್‌ಕೆ ನಿಲ್ದಾಣದಿಂದ ಮ್ಯಾನ್‌ಹಟನ್‌ಗೆ ಹಳದಿ ಟ್ಯಾಕ್ಸಿಗೆ ನಿಗದಿತ ದರವೇ ಇದೆ, ಸರದಿಯಲ್ಲಿ ನಿಂತರೆ ಸಾಕು. ಲಂಡನ್ನಿನಲ್ಲಿ ಕೈ ತೋರಿಸಿ ನಿಲ್ಲಿಸಬಹುದಾದದ್ದು ಬ್ಲ್ಯಾಕ್ ಕ್ಯಾಬ್ ಮಾತ್ರ. ಬೇರೆ ಬಾಡಿಗೆ ಕಾರುಗಳನ್ನು ಮೊದಲೇ ಬುಕ್ ಮಾಡಬೇಕು, ಅದು ಅಲ್ಲಿನ ಕಾನೂನು.

ನಿಜ ಹೇಳಬೇಕೆಂದರೆ ನಾನು ಕಳ್ಳರಿಗಿಂತ ರಸ್ತೆಗೆ ಜಾಸ್ತಿ ಹೆದರುತ್ತೇನೆ. ಎಡಬದಿಯ ಸಂಚಾರಕ್ಕೆ ಒಗ್ಗಿದ ನಮ್ಮ ಕಣ್ಣು, ಗಾಡಿಗಳು ಬಲಬದಿಯಲ್ಲಿ ಓಡುವ ಪ್ಯಾರಿಸ್‌ನಲ್ಲಿ ತಪ್ಪು ಕಡೆಗೇ ನೋಡುತ್ತದೆ. ಲಂಡನ್ನಿನವರಂತೂ ಹೊರಗಿನವರಿಗಾಗಿ ರಸ್ತೆ ಮೇಲೇ ಬಲಕ್ಕೆ ನೋಡಿ ಅಂತ ದೊಡ್ಡದಾಗಿ ಬರೆಸಿದ್ದಾರೆ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಕೆಂಪು ಬಣ್ಣದ ದಾರಿ ಕಂಡರೆ ಅದು ಸೈಕಲ್ಲಿನದು. ಅಲ್ಲಿ ನಿಂತು ಫೋಟೊ ತೆಗೆಯಬೇಡಿ, ಗುದ್ದಿಸಿಕೊಳ್ಳುತ್ತೀರಿ, ಮೇಲಿಂದ ಬೈಸಿಕೊಳ್ಳುತ್ತೀರಿ.

ದುಡ್ಡು, ಕಾಗದ ಪತ್ರ ಎಲ್ಲ ಒಂದೇ ಚೀಲದಲ್ಲಿ ಬೇಡ. ಎರಡು ಕಾರ್ಡ್ ಇದ್ದರೆ ಒಂದು ಮೈಮೇಲೆ, ಒಂದು ಕೋಣೆಯಲ್ಲಿ. ಪಾಸ್‌ಪೋರ್ಟನ್ನೂ ಕೋಣೆಯಲ್ಲೇ ಬಿಡಬಹುದು, ಆದರೆ ಎಲ್ಲ ಕಡೆ ಅಲ್ಲ. ಜಪಾನಿನಲ್ಲಿ ವಿದೇಶಿ ಪ್ರವಾಸಿಗರು ಅದನ್ನು ಸದಾ ಜೊತೆಗಿಟ್ಟುಕೊಂಡಿರಬೇಕು. ಮತ್ತೆ, ಕಾರ್ಡ್ ಬ್ಲಾಕ್ ಮಾಡಿಸುವ ನಂಬರನ್ನು ಫೋನಿನಲ್ಲಷ್ಟೇ ಇಟ್ಟುಕೊಂಡರೆ ಏನು ಪ್ರಯೋಜನ? ಕಳೆದಿರೋದೇ ಫೋನು. ಒಂದು ಚೀಟಿಯಲ್ಲಿ ಬರೆದಿಡಿ. ಅದೇ ಚೀಟಿಯಲ್ಲಿ ಉಳಿದುಕೊಂಡ ಜಾಗದ ವಿಳಾಸ, ರಾಯಭಾರ ಕಚೇರಿಯ ನಂಬರ್, ಆ ದೇಶದ ತುರ್ತು ಸಂಖ್ಯೆ. ಯುರೋಪಿಯನ್ ಒಕ್ಕೂಟದ ಎಲ್ಲ ದೇಶಗಳಲ್ಲಿ 112, ಬ್ರಿಟನ್ನಿನಲ್ಲಿ 999, ಅಮೆರಿಕದಲ್ಲಿ 911. ಜಪಾನಿನಲ್ಲಾದರೆ ಪೊಲೀಸರಿಗೆ 110, ಆಂಬ್ಯುಲೆನ್ಸ್‌ಗೆ 119.

ಇಷ್ಟಾದರೂ ಏನಾದರೂ ಹೋಗಬಹುದು. ಕಿತ್ತುಕೊಂಡವನ ಹಿಂದೆ ಓಡಬೇಡಿ, ಅವನಿಗೆ ಗಲ್ಲಿ ಗೊತ್ತು, ನಿಮಗೆ ಗೊತ್ತಿಲ್ಲ. ಮೊದಲು ಕಾರ್ಡ್ ಬ್ಲಾಕ್ ಮಾಡಿಸಿ, ಆಮೇಲೆ ಠಾಣೆಗೆ ಹೋಗಿ. ಅಲ್ಲಿ ಸಿಗೋ ಉತ್ತರ ಸಾಮಾನ್ಯವಾಗಿ ನೀರಸವಾಗಿರುತ್ತದೆ, ಸಾಮಾನು ಸಿಗೋದೂ ಅನುಮಾನ. ಆದರೆ ದೂರಿನ ಪ್ರತಿ ಕೈಗೆ ಬರುವ ತನಕ ಕುರ್ಚಿ ಬಿಟ್ಟು ಏಳಬೇಡಿ. ನಾಳೆ ವಿಮೆಯವರೂ ರಾಯಭಾರ ಕಚೇರಿಯವರೂ ಕೇಳೋದು ಅದನ್ನೇ.

ನಮಸ್ಕಾರ.