ಮುಂದೆ ಯಾವ ಕಾದಂಬರಿ?

ಮಡಿಕೇರಿಯ ಓದುಗ ಮಿತ್ರರಿಗೆ ನಮಸ್ಕಾರ.

"ತುಂಬಾ ಚೆನ್ನಾಗಿದೆ, ಓದಿ" ಎಂದು ಕೈಗಿಟ್ಟ ಕಾದಂಬರಿ ಎಷ್ಟೋ ಸಲ ಓದದೆಯೇ ವಾಪಸು ಬರುತ್ತದೆ. ಅದು ಪುಸ್ತಕದ ತಪ್ಪಲ್ಲ. ಆ ಮಾತಿನಲ್ಲಿ ಕೇಳಿದವರಿಗೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ಕತೆ ಎಲ್ಲಿ ನಡೆಯುತ್ತದೆ, ಯಾರು ಹೇಳುತ್ತಾರೆ, ಎಷ್ಟು ಪುಟ, ಎಲ್ಲಿ ನಿಧಾನವಾಗುತ್ತದೆ ಎಂಬಷ್ಟನ್ನು ಹೇಳಿ. ಎಲ್ಲಿ ನಿಧಾನ ಎಂಬುದನ್ನು ಪುಸ್ತಕ ಮೆಚ್ಚಿದವರು ಮುಚ್ಚಿಡುತ್ತಾರೆ. ಆದರೆ ಓದುವವರು ಕೈಬಿಡುವುದು ಅಲ್ಲಿಯೇ.

ಮಾಸ್ತಿಯವರ 'ಚಿಕವೀರ ರಾಜೇಂದ್ರ'ವನ್ನೇ ನೋಡೋಣ. ಪ್ರಕಟವಾದದ್ದು 1956ರಲ್ಲಿ, 1983ರ ಜ್ಞಾನಪೀಠ ಬಂದದ್ದು ಇದಕ್ಕೆ. ಕೊಡಗಿನಲ್ಲಿ ಇದನ್ನು "ನಮ್ಮ ರಾಜನ ಕತೆ" ಎಂದು ಕೊಟ್ಟರೆ ಎಡವಟ್ಟಾಗುತ್ತದೆ. ಓದುವವರು ಪುಟಪುಟಕ್ಕೂ ಇದು ನಿಜವೋ ಸುಳ್ಳೋ ಎಂದು ತೂಗುತ್ತಾ, ಸಿಟ್ಟು ಮಾಡಿಕೊಂಡು ಮುಚ್ಚಿಡುತ್ತಾರೆ. 1834ರಲ್ಲಿ ರಾಜ್ಯ ಬ್ರಿಟಿಷರ ಪಾಲಾಯಿತು, ಅರಸ 1859ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ, ಅರಸರ ಸಮಾಧಿಗಳಿರುವ ನಮ್ಮ ಗದ್ದಿಗೆಯಲ್ಲಿ ಅವನ ಸಮಾಧಿ ಇಲ್ಲ. ಇದೆಲ್ಲ ಇಲ್ಲಿನವರಿಗೆ ಗೊತ್ತಿರುವುದೇ. ಹಾಗಾಗಿ ಮೊದಲೇ ಹೀಗೆ ಹೇಳಿ: ಕೊನೆ ಏನೆಂದು ನಿಮಗೆ ಗೊತ್ತು, ಒಂದು ಅರಮನೆ ಒಳಗಿನಿಂದ ಹೇಗೆ ಕುಸಿಯುತ್ತದೆ ಎಂಬುದನ್ನು ನೋಡಲು ಓದಿ. ಆಮೇಲೆ ಎರಡು ಪುಟ ಗಟ್ಟಿಯಾಗಿ ಓದಿ ಕೇಳಿಸಿ. ಆ ಪುಟಗಳು ಮೊದಲ ನೂರರೊಳಗಿರಲಿ. ಕೊನೆಯ ಭಾಗದಿಂದ ಆರಿಸಿದರೆ ಕತೆ ಬಿಟ್ಟುಕೊಟ್ಟಂತೆ.

ಅದನ್ನು ಮುಗಿಸಿದವರು ಮುಂದೇನು ಎಂದಾಗ ಹಿಡಿಯಲು ಮೂರು ಎಳೆಗಳಿವೆ. ಲೇಖಕರ ಎಳೆ ಹಿಡಿದರೆ ಮಾಸ್ತಿಯವರದೇ 'ಚೆನ್ನಬಸವನಾಯಕ', ಅಲ್ಲಿ ಬಿದನೂರಿನ ಪತನ. ನೆಲದ ಎಳೆ ಹಿಡಿದರೆ ಕೊಡಗಿನವರೇ ಆದ ಭಾರತೀಸುತರು. ಅವರ 'ಎಡಕಲ್ಲು ಗುಡ್ಡದ ಮೇಲೆ' ಹೆಚ್ಚಿನವರಿಗೆ ಪುಟ್ಟಣ್ಣ ಕಣಗಾಲರ 1973ರ ಸಿನಿಮಾದಿಂದ ಗೊತ್ತು. ನಟರ ಮುಖ ಕಣ್ಣಮುಂದೆ ನಿಂತರೆ ಓದು ಅವಸರದ್ದಾಗುತ್ತದೆ, ಆದ್ದರಿಂದ ಸಿನಿಮಾ ನೋಡದವರು ಪುಸ್ತಕವನ್ನೇ ಮೊದಲು ಹಿಡಿಯಲಿ. ಮೂರನೆಯದು ಪ್ರಶ್ನೆಯ ಎಳೆ. ಹತ್ತಿರದವರು ತಪ್ಪು ಮಾಡುವಾಗ ಬಲ್ಲವರು ಯಾಕೆ ಸುಮ್ಮನಿರುತ್ತಾರೆ? ಇದನ್ನೇ ಕೇಳುವ ಕಾದಂಬರಿ ಯಾವ ಊರಿನದಾದರೂ ಆದೀತು. ನಮ್ಮ ಮಟ್ಟಿಗೆ ಇದೇ ಗಟ್ಟಿ ಎಳೆ. ಒಬ್ಬರೇ ಲೇಖಕರನ್ನು ಒಂದರ ಮೇಲೊಂದು ಓದಿದರೆ ಮೂರನೆಯ ಪುಸ್ತಕಕ್ಕೆ ದಣಿವು ಬರುತ್ತದೆ.

ಇಲ್ಲಿ ಇನ್ನೊಂದು ವಿಷಯ. ನಮ್ಮ ಮನೆಗಳಲ್ಲಿ ಕೊಡವ ತಕ್ಕ್, ಅರೆಭಾಷೆ, ತುಳು, ಮಲೆಯಾಳ ಎಲ್ಲವೂ ಇವೆ. ಓದುವುದು ಕನ್ನಡವಾದರೂ ಬೇರೆ ಸೀಮೆಯ ಆಡುಮಾತು ಕಣ್ಣಿಗೆ ತೊಡಕು, ಕಿವಿಗೆ ಸಲೀಸು. ಅಂಥ ಪುಸ್ತಕವಾದರೆ ಮೊದಲ ಮೂವತ್ತು ಪುಟಗಳ ಸಂಭಾಷಣೆಯನ್ನು ಒಬ್ಬರು ಓದಿ, ಉಳಿದವರು ಕೇಳಲಿ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967) ಅರ್ಧಕ್ಕೇ ನಿಲ್ಲುವುದು ಭಾಷೆಯಿಂದಲ್ಲ, ಹೆಸರುಗಳಿಂದ. ಒಂದು ಚೀಟಿಯಲ್ಲಿ ಮನೆಯ ಹೆಸರು ಬರೆದು, ಅದರ ಕೆಳಗೆ ಆ ಮನೆಯ ಜನ, ಆಳುಗಳ ಹೆಸರು ಸೇರಿಸುತ್ತಾ ಹೋಗಿ. ಐನ್‌ಮನೆ (ಮನೆತನದ ಮೂಲಮನೆ), ಒಕ್ಕದ (ಮನೆತನದ) ಲೆಕ್ಕ ಗೊತ್ತಿರುವ ಊರಿಗೆ ಇದು ಕಷ್ಟವಲ್ಲ.

ಇನ್ನು ಹೊತ್ತಿನ ಲೆಕ್ಕ. ಗಂಟೆಗೆ 25 ಪುಟ ಎಂದುಕೊಂಡರೆ 400 ಪುಟಕ್ಕೆ 16 ಗಂಟೆ. ದಿನಕ್ಕೆ ಅರ್ಧ ಗಂಟೆಯಾದರೆ 32 ದಿನ. ಅರೇಬಿಕಾ ಕೊಯ್ಲು ಶುರುವಾಗಿ ರೊಬಸ್ಟಾ ಮುಗಿಯುವವರೆಗೆ, ಕಣದಲ್ಲಿ ಕಾಫಿ ಹರಡಿರುವಾಗ, ಆ ಅರ್ಧ ಗಂಟೆಯೂ ಕೈಗೆ ಸಿಗದು. ಆಗ 'ಕರ್ವಾಲೊ'ದಂಥ ತೆಳು ಪುಸ್ತಕ ಸಾಕು. ದಪ್ಪದ್ದಕ್ಕೆ ಜೂನ್‌ನಿಂದ ಆಗಸ್ಟ್ ಕಾಲ.

ಎಂಟು ಜನರ ಬಳಗದಲ್ಲಿ ಕೈಯೆತ್ತಿಸಿ ಆರಿಸಬೇಡಿ. ಆಗಲೇ ಹೆಸರಾದ ಪುಸ್ತಕವೇ ಗೆಲ್ಲುತ್ತದೆ, ಸೋತವರು ಓದುವುದಿಲ್ಲ. ತಾವು ಪೂರ್ತಿ ಓದಿದ ಒಂದೊಂದು ಹೆಸರನ್ನು ಎಲ್ಲರೂ ಕೊಡಲಿ. ಇದನ್ನು ಖಂಡಿತ ಓದಲಾರೆ ಎನಿಸಿದ ಒಂದನ್ನು ಚೀಟಿಯಲ್ಲಿ ಬರೆಯಲಿ. ಎರಡು ಚೀಟಿಯಲ್ಲಿ "ಬೇಡ" ಎಂದು ಬಂದದ್ದನ್ನು ತೆಗೆದು, ಉಳಿದವುಗಳಲ್ಲಿ ಮೂರನ್ನು ಚೀಟಿ ಎತ್ತಿ, ಮೂರು ತಿಂಗಳಿಗೆ ಗೊತ್ತು ಮಾಡಿ. ಹಳೆಯ ಕಾದಂಬರಿಗಳು ಮರುಮುದ್ರಣವಿಲ್ಲದೆ ವರ್ಷಗಟ್ಟಲೆ ಸಿಗದಿರುವುದುಂಟು, ಪ್ರತಿ ಸಿಗುತ್ತದೆಯೇ ಎಂದು ವಿಚಾರಿಸಿದ ಮೇಲೆಯೇ ಹೆಸರು ಸೇರಿಸಿ. ಒಂದೇ ಪ್ರತಿ ಎಂಟು ಕೈ ದಾಟಲು, ತಲಾ ಹದಿನೈದು ದಿನವೆಂದರೂ, ನಾಲ್ಕು ತಿಂಗಳು ಬೇಕು. ಕೊನೆಯವರು ಮುಗಿಸುವಾಗ ಮೊದಲನೆಯವರಿಗೆ ಕತೆ ಮಸುಕಾಗಿರುತ್ತದೆ. ಮೂರು ಪ್ರತಿಯಾದರೂ ಇರಲಿ.

ಮಳೆಗಾಲದಲ್ಲಿ ಪುಸ್ತಕ ಕಳಿಸುವಾಗ ಒದ್ದೆ ಹಾಳೆಗಳನ್ನು ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಬೇಡಿ. ತೇವ ಒಳಗೇ ನಿಂತು ಬೂಷ್ಟು ಹಿಡಿಯುತ್ತದೆ. ಪುಸ್ತಕವನ್ನು ಬೀಸಣಿಗೆಯಂತೆ ಬಿಡಿಸಿ ನೆಟ್ಟಗೆ ನಿಲ್ಲಿಸಿ, ಫ್ಯಾನಿನ ಗಾಳಿಯಲ್ಲಿ ಪೂರ್ತಿ ಆರಿಸಿ, ಆಮೇಲೆ ಸುತ್ತಿ ಕೊಡಿ. ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿದರೆ ಬೆನ್ನಿನ ಅಂಟು ಸೆಟೆದು ಹಾಳೆ ಕಳಚುತ್ತವೆ.