ಬೇಲಿ ಹಾಕುವ ಮೊದಲು

ಎಲ್ಲರಿಗೂ ನಮಸ್ಕಾರ.

ಬೆಂಗಳೂರು ಬಿಟ್ಟು ಹಳ್ಳಿಯಲ್ಲಿ ಸರಳವಾಗಿ ಬದುಕುವುದರ ಬಗ್ಗೆ ಮಾತಾಡಿ ಅಂತ ನನ್ನನ್ನು ಕರೆದಿದ್ದಾರೆ. ಒಳಗೆ ಬರುವಾಗಲೇ ಮೂರು ನಾಲ್ಕು ಜನ ಬಾಗಿಲ ಹತ್ತಿರ ನಿಲ್ಲಿಸಿ ಕೇಳಿದರು. ಎಕರೆಗೆ ಏನು ರೇಟು, ಬೋರ್‌ನಲ್ಲಿ ನೀರು ಸಿಗುತ್ತಾ, ಇಂಟರ್ನೆಟ್ ಬರುತ್ತಾ. ಕೇಳಲೇಬೇಕಾದ ಪ್ರಶ್ನೆಗಳೇ. ಆದರೆ ಅಕ್ಕಪಕ್ಕದ ಹೊಲದವರು ಯಾರು ಅಂತ ಒಬ್ಬರೂ ಕೇಳಲಿಲ್ಲ. 2016ರಲ್ಲಿ ಜಮೀನು ನೋಡಲು ಹೋದಾಗ ನಾವೂ ಕೇಳಿರಲಿಲ್ಲ. ಇವತ್ತು ನಾನು ಹೆಚ್ಚಾಗಿ ಮಾತಾಡುವುದು ಅದನ್ನೇ.

ನಾವಿರುವುದು ತುಮಕೂರು ಜಿಲ್ಲೆ, ಚಿಕ್ಕನಾಯಕನಹಳ್ಳಿ ಕಡೆ. ಬೆಂಗಳೂರಿನಿಂದ ಸುಮಾರು 130 ಕಿಲೋಮೀಟರ್. ಹಳ್ಳಿ ಮನೆ ಅಂದ ತಕ್ಷಣ ಎಲ್ಲರ ಕಣ್ಣಿಗೆ ಮಲೆನಾಡೇ ಬರುತ್ತದೆ. ಹೆಂಚಿನ ಮನೆ, ಅಡಿಕೆ ತೋಟ, ಅಂಗಳದ ಪಕ್ಕ ಹರಿಯುವ ಹಳ್ಳ. ನಮ್ಮದು ಬಯಲುಸೀಮೆ. ಕೆಂಪು ಮಣ್ಣು, ಹುಣಸೆ ಮರ, ತೆಂಗು, ರಾಗಿ, ಬೇಸಿಗೆಯಲ್ಲಿ ಬಿಳಿಚಿಕೊಂಡ ಆಕಾಶ. ನಮ್ಮ ಕೈಗೆ ಎಟುಕಿದ್ದು ಇದು. ಈಗ ಬೇರೆ ಕಡೆ ಕೊಟ್ಟರೂ ನಾನು ಹೋಗುವುದಿಲ್ಲ.

ಜಮೀನು 3 ಎಕರೆ 10 ಗುಂಟೆ. ಒಂದು ಎಕರೆಗೆ 40 ಗುಂಟೆ, ಒಂದು ಗುಂಟೆಗೆ 1,089 ಚದರ ಅಡಿ. ಅಂದರೆ ಬೆಂಗಳೂರಿನ 30-40 ಸೈಟು ಒಂದು ಗುಂಟೆಗಿಂತ ಚೂರು ದೊಡ್ಡದು, ಅಷ್ಟೇ. ಹತ್ತು ವರ್ಷ ಎರಡು ರೂಮಿನ ಬಾಡಿಗೆ ಮನೆಯಲ್ಲಿದ್ದವರಿಗೆ ಇಂಥ 118 ಸೈಟು ಒಟ್ಟಿಗೆ ಸಿಕ್ಕಿದ ಹಾಗಾಯಿತು. ಅಷ್ಟು ಜಾಗ ನಮ್ಮದು ಅಂದಾಗ ಮನುಷ್ಯನಿಗೆ ಮೊದಲು ಹೊಳೆಯುವುದೇ ಬೇಲಿ. ಜಮೀನು ತೋರಿಸಿದವರೂ ಅದನ್ನೇ ಹೇಳಿದರು, ಮೊದಲು ಬೇಲಿ ಹಾಕಿಸಿಬಿಡಿ, ಇಲ್ಲಾಂದ್ರೆ ದನ ನುಗ್ಗುತ್ತವೆ ಅಂತ. ಮನೆಗೆ ಪಾಯ ತೆಗೆಯುವ ಮೊದಲೇ ನಾಲ್ಕೂ ಕಡೆ ಕಲ್ಲುಕಂಬ ನೆಡಿಸಿ ಮುಳ್ಳುತಂತಿ ಎಳೆಸಿದೆವು.

ಉತ್ತರದ ಮೂಲೆಯಲ್ಲಿ ಒಂದು ಕಾಲುದಾರಿ ಇತ್ತು. ನಕ್ಷೆಯಲ್ಲಿ ಇರಲಿಲ್ಲ, ಜಮೀನಿನ ದಾಖಲೆಯಾದ ಪಹಣಿಯಲ್ಲೂ ಇರಲಿಲ್ಲ, ಆದ್ದರಿಂದ ನಮ್ಮ ಲೆಕ್ಕದಲ್ಲೂ ಇರಲಿಲ್ಲ. ಊರಿನ ಹತ್ತು ಹನ್ನೆರಡು ಮನೆಯ ದನಕರು ಕೆರೆಗೆ ಹೋಗುತ್ತಿದ್ದುದು ಆ ದಾರಿಯಲ್ಲಿ. ಬೇಲಿ ಬಿದ್ದ ಮೇಲೆ ಅವು ಅರ್ಧ ಮೈಲಿ ಸುತ್ತಿಕೊಂಡು ಹೋಗಬೇಕಾಯಿತು. ಯಾರೂ ಬಂದು ಜಗಳ ಆಡಲಿಲ್ಲ. ಎದುರು ಸಿಕ್ಕಿದರೆ ನಮಸ್ಕಾರ, ಊಟ ಆಯ್ತಾ, ಎಲ್ಲ ಇತ್ತು. ಬೇಲಿ ದಾಟಿ ಒಳಗೆ ಮಾತ್ರ ಯಾರೂ ಬರುತ್ತಿರಲಿಲ್ಲ.

ಮನೆ ಕಟ್ಟಿ ಬಂದು ಇದ್ದ ಮೊದಲ ಮುಂಗಾರಿನಲ್ಲಿ ಅದರ ಅರ್ಥ ಗೊತ್ತಾಯಿತು. ಒಂದು ಹದ ಮಳೆ ಬಿತ್ತು. ಸುತ್ತಮುತ್ತ ಎಲ್ಲರ ಹೊಲದಲ್ಲೂ ಬೀಜ ಬಿತ್ತುವ ಕೂರಿಗೆ ಹೂಡಿದರು. ನಾವು ಕರೆದವರೆಲ್ಲ ನಾಳೆ ಬರ್ತೀವಿ ಅಂದರು. ಆರಿದ್ರ ಮಳೆ ಹೋಯಿತು, ಪುನರ್ವಸು ಹೋಯಿತು, ಪುಷ್ಯ ಅರ್ಧ ಆಯಿತು. ದುಡ್ಡು ಜಾಸ್ತಿ ಕೊಡುತ್ತೇವೆ ಅಂದೆವು, ಆಗಲೂ ನಾಳೆಯೇ. ಒಂದು ದಿನ ಪಕ್ಕದ ಹೊಲದ ಅಜ್ಜಿ ಬದುವಿನ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ನಾನು ಹೋಗಿ ಪಕ್ಕದಲ್ಲಿ ಕೂತೆ. ಏನು ತಪ್ಪಾಗಿದೆ ಹೇಳಜ್ಜಿ ಅಂತ ಕೇಳಿದೆ. ಅವರು ಸ್ವಲ್ಪ ಹೊತ್ತು ಬಿಟ್ಟು, "ನಮ್ಮತ್ತೆ ಕಾಲದಿಂದ್ಲೂ ಆ ದಾರೀಲೇ ದನ ಹೋಗ್ತಿದ್ವು ಕಣಮ್ಮ. ನೀವು ಕೇಳ್ಲಿಲ್ಲ, ನಾವು ಹೇಳ್ಲಿಲ್ಲ" ಅಂದರು.

ಮಾರನೆಯ ದಿನ ಬೆಳಿಗ್ಗೆಯೇ ಎರಡೂ ಕಡೆ ತಂತಿ ಕತ್ತರಿಸಿ ಎಂಟಡಿ ದಾರಿ ಬಿಟ್ಟೆವು. ನಮ್ಮ ಮನೆಯವರು ತಾವೇ ಕಂಬ ಕಿತ್ತರು. ಆವತ್ತು ಸಂಜೆ ದನಗಳು ಗಂಟೆ ಸದ್ದು ಮಾಡಿಕೊಂಡು ನಮ್ಮ ಜಮೀನಿನ ಮೂಲೆ ಹಾದು ಹೋದವು. ವಾರದೊಳಗೆ ಕೂರಿಗೆ ಬಂತು. ಕೂಲಿ ಎಷ್ಟು ಅಂತ ಕೇಳಿದಾಗ ಆ ಅಜ್ಜಿಯ ಮಗ ಹೇಳಿದ್ದು, ಕೂಲಿ ಬೇಡಿ ಅಕ್ಕ, ನಮ್ಮ ಕಳೆಗೆ ನೀವಿಬ್ಬರೂ ಮುಯ್ಯಿ ಬಂದುಬಿಡಿ.

ಮುಯ್ಯಿ ಅನ್ನುವ ಮಾತು ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ಮದುವೆಯಲ್ಲಿ ಮುಯ್ಯಿ ಮಾಡುತ್ತೇವಲ್ಲ, ಅದೇ. ಹೊಲದಲ್ಲಿ ಅದು ಮುಯ್ಯಾಳು. ಇವತ್ತು ನೀವು ನಮ್ಮ ಹೊಲಕ್ಕೆ, ನಾಳೆ ನಾವು ನಿಮ್ಮ ಹೊಲಕ್ಕೆ, ದುಡ್ಡಿನ ಮಾತಿಲ್ಲ, ಆಳಿಗೆ ಆಳು, ದಿನಕ್ಕೆ ದಿನ. ಬರೆದಿಡುವುದಿಲ್ಲ, ಆದರೂ ಯಾರ ಮನೆಯದು ಎಷ್ಟು ದಿನ ಬಾಕಿ ಅಂತ ಊರಿಗೆಲ್ಲ ಗೊತ್ತು. ನಮಗೆ ಕಳೆ ಕೀಳಲು ಬರುತ್ತಿರಲಿಲ್ಲ. ರಾಗಿ ಪೈರು ಇನ್ನೂ ಎಳೆಯದಾಗಿದ್ದಾಗ ಪಕ್ಕದಲ್ಲೇ ಏಳುವ ಹುಲ್ಲು ನೋಡಲು ರಾಗಿಯ ಹಾಗೇ ಇರುತ್ತದೆ. ನಾನು ಪೈರನ್ನೇ ಕಿತ್ತು ಹಾಕಿದಾಗ ಯಾರೂ ಬೈಯಲಿಲ್ಲ. ಬುಡದ ಬಣ್ಣ ನೋಡು, ಎಲೆ ಮುಟ್ಟಿ ನೋಡು ಅಂತ ಹೇಳಿಕೊಟ್ಟರು. ಎರಡು ದಿನದಲ್ಲಿ ಸೊಂಟ ಬಿದ್ದು ಹೋಯಿತು. ಮೂರನೆಯ ದಿನವೂ ಹೋದೆ. ಈಗ ಆ ಊರಲ್ಲಿ ನನಗೆ ಏನಾದರೂ ಜಾಗ ಇದ್ದರೆ ಅದು ಆ ಮೂರು ದಿನದಲ್ಲಿ ಸಿಕ್ಕಿದ್ದು. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಸಿಕ್ಕಿದ್ದು ಬರೀ ಕಾಗದ.

ನಮ್ಮ ಕಡೆ ರಾಗಿಯನ್ನು ಒಂದೇ ಬೆಳೆಯಾಗಿ ಬಿತ್ತುವುದಿಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ನನಗೆ ತುಂಬ ಇಷ್ಟವಾದ ವಿಷಯ. ಕೂರಿಗೆಯಲ್ಲಿ ರಾಗಿ ಸಾಲು ಬೀಳುತ್ತಾ ಹೋಗುತ್ತದೆ. ಕೆಲವು ಸಾಲಿಗೊಮ್ಮೆ, ಹಿಂದೆ ಕಟ್ಟಿದ ಬಿದಿರಿನ ಕೊಳವೆಯಲ್ಲಿ ಹೆಂಗಸರು ಬೇರೆ ಬೀಜ ಬಿಡುತ್ತಾ ನಡೆಯುತ್ತಾರೆ. ಅವರೆ, ತೊಗರಿ, ಹುಚ್ಚೆಳ್ಳು, ಜೋಳ, ಅಂಚಿನಲ್ಲಿ ಹರಳು. ಇದಕ್ಕೆ ಅಕ್ಕಡಿ ಅನ್ನುತ್ತಾರೆ. ಅವರೆ, ತೊಗರಿಯ ಬೇರು ಮಣ್ಣಿಗೆ ಸಾರಜನಕ ಕೊಡುತ್ತದೆ. ಹುಚ್ಚೆಳ್ಳು ಹಳದಿ ಹೂ ಬಿಟ್ಟಾಗ ಜೇನು ಬರುತ್ತದೆ. ಜೋಳದ ತೆನೆಗೆ ಹಕ್ಕಿ ಬಂದು ಕೂರುತ್ತದೆ, ಕೂತ ಹಕ್ಕಿ ಹುಳವನ್ನೂ ತಿನ್ನುತ್ತದೆ. ನವೆಂಬರ್ ಡಿಸೆಂಬರ್‌ನಲ್ಲಿ ರಾಗಿ ಕುಯ್ದ ಮೇಲೂ ಹೊಲ ಖಾಲಿ ಆಗುವುದಿಲ್ಲ. ಇಬ್ಬನಿ ಬೀಳುವ ಹೊತ್ತಿಗೆ ಸೊಗಡವರೆ, ಆಮೇಲೆ ತೊಗರಿ. ಮಳೆ ಕೈಕೊಟ್ಟು ರಾಗಿ ಹೋದರೂ ಹರಳೋ ತೊಗರಿಯೋ ಒಂದಿಷ್ಟು ಉಳಿಯುತ್ತದೆ. ನಾನು ಬೆಂಗಳೂರಿನಲ್ಲಿ ಅವರೆಕಾಯಿ ಮೇಳಕ್ಕೆ ಹೋಗಿ ಕ್ಯೂ ನಿಂತು ದೋಸೆ ತಿಂದವಳು. ಆ ಅವರೆ ರಾಗಿಯ ಜೊತೆ ಹುಟ್ಟುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ.

ನೀರಿನ ವಿಷಯಕ್ಕೆ ಬರುತ್ತೇನೆ. ಬೋರ್ ಕೊರೆಸುವ ಮುಂಚೆ ಒಂದು ಲೆಕ್ಕ ಮಾಡಿ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಒಂದು ಎಕರೆ ಅಂದರೆ 4,047 ಚದರ ಮೀಟರ್. ವರ್ಷಕ್ಕೆ 600 ಮಿಲಿಮೀಟರ್ ಮಳೆ ಅಂದುಕೊಂಡರೂ ಒಂದೊಂದು ಎಕರೆಗೆ 24 ಲಕ್ಷ ಲೀಟರ್ ಬೀಳುತ್ತದೆ. ಬಯಲುಸೀಮೆಯಲ್ಲಿ ನೀರಿಲ್ಲ ಅನ್ನುತ್ತೇವೆ, ಬಿದ್ದ ನೀರು ನಿಲ್ಲುತ್ತಿಲ್ಲ ಅನ್ನುವುದು ಹೆಚ್ಚು ಸರಿ. ನಾವು ಮೊದಲು ಬದು ಸರಿ ಮಾಡಿಸಿ ಇಳಿಜಾರಿನ ಕೊನೆಯಲ್ಲಿ ಕೃಷಿ ಹೊಂಡ ತೆಗೆಸಿದೆವು. ಸಾವಿರ ಚದರಡಿ ಚಾವಣಿಯಿಂದ ವರ್ಷಕ್ಕೆ 50 ಸಾವಿರ ಲೀಟರಿನಷ್ಟು ಸಿಗುತ್ತದೆ, ಅದು ಸಂಪ್ ತೊಟ್ಟಿಗೆ ಹೋಗುತ್ತದೆ, ಸೋಸಿ ಕುಡಿಯುತ್ತೇವೆ. ಯಾಕೆಂದರೆ ನಮ್ಮ ಜಿಲ್ಲೆಯ ಎಷ್ಟೋ ಕಡೆ, ಪಾವಗಡದ ಕಡೆ ಅಂತೂ ತುಂಬ, ಆಳದ ಬೋರ್ ನೀರಿನಲ್ಲಿ ಫ್ಲೋರೈಡ್ ಇದೆ. ಮಕ್ಕಳ ಹಲ್ಲು ನೋಡಿದರೆ ತಿಳಿಯುತ್ತದೆ. ಜಮೀನು ಕೊಳ್ಳುವ ಮೊದಲು ನೀರನ್ನು ಲ್ಯಾಬಿಗೆ ಕೊಟ್ಟು ಪರೀಕ್ಷೆ ಮಾಡಿಸಿ. ಪಂಪಿಗೆ ತ್ರೀ ಫೇಸ್ ಕರೆಂಟು ಇಡೀ ದಿನ ಇರುವುದಿಲ್ಲ, ಎಷ್ಟೋ ಸಲ ರಾತ್ರಿ ಕೊಡುತ್ತಾರೆ. ಟಾರ್ಚ್ ಹಿಡಿದು ತೋಟಕ್ಕೆ ಹೋಗುವಾಗ ಹಾವು ಇರುತ್ತದೆ, ಚಿರತೆಯೂ ಇದೆ. ಪಕ್ಕದ ತೋಟದವರ ಟಾರ್ಚ್ ಬೆಳಕು ಕಂಡರೆ ಆಗುವ ಧೈರ್ಯ ನಿಮಗೆ ಮಾತಲ್ಲಿ ಹೇಳಲಾರೆ.

ಕಾಗದಪತ್ರ. ಮೊದಲು ಕೃಷಿ ಹಿನ್ನೆಲೆ ಇಲ್ಲದವರು ಜಮೀನು ಕೊಳ್ಳುವ ಹಾಗಿರಲಿಲ್ಲ. ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು 2020ರಲ್ಲಿ ತೆಗೆದರು. ಈಗ ಕೃಷಿ ಹಿನ್ನೆಲೆ ಇಲ್ಲದವರೂ ಕೊಳ್ಳಬಹುದು. ಅದರಿಂದ ನಿಮಗೆ ಸುಲಭವಾಗಿದೆ, ನಮ್ಮೂರಿನ ಹುಡುಗರಿಗೆ ಕಷ್ಟವಾಗಿದೆ ಅನ್ನುವುದು ನನ್ನ ಅನಿಸಿಕೆ. ಎಕರೆ ಬೆಲೆ ಹೊರಗಿನವರ ಜೇಬು ನೋಡಿ ನಿಲ್ಲುತ್ತಿದೆ, ರಾಗಿ ಬೆಳೆದು ಆ ಬೆಲೆ ತೀರಿಸಲು ಯಾರಿಂದಲೂ ಆಗುವುದಿಲ್ಲ. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡೇ ಕೊಳ್ಳಿ. ಮತ್ತೆ, ಆ ಜಮೀನು ಹಿಂದೆ ಪರಿಶಿಷ್ಟ ಜಾತಿ, ಪಂಗಡದ ಕುಟುಂಬಕ್ಕೆ ಸರ್ಕಾರ ಮಂಜೂರು ಮಾಡಿದ್ದಾ ಅಂತ ಹಳೆಯ ದಾಖಲೆ ತೆಗೆಸಿ ನೋಡಿ. ಹಾಗಿದ್ದರೆ 1978ರ ಕಾಯ್ದೆ ಪ್ರಕಾರ ಸರ್ಕಾರದ ಅನುಮತಿ ಇಲ್ಲದೆ ಮಾರುವಂತಿಲ್ಲ. ಅನುಮತಿ ಇಲ್ಲದಿದ್ದರೆ ಬಿಟ್ಟುಬಿಡಿ, ಎಷ್ಟೇ ಕಡಿಮೆಗೆ ಬರಲಿ. ಕಾನೂನಿನ ಭಯಕ್ಕಿಂತ ದೊಡ್ಡ ವಿಷಯ ಅದು, ಒಬ್ಬರ ಅನ್ನದ ತಟ್ಟೆ. ಪೋಡಿ, ಅಂದರೆ ಸರ್ವೆ ನಂಬರಿನಲ್ಲಿ ಭಾಗ ಬೇರೆ ಮಾಡುವುದು, ಆಗಿದೆಯಾ, ಹದ್ದುಬಸ್ತು, ಅಂದರೆ ಅಳತೆ ಮಾಡಿ ಗಡಿ ಗುರುತಿಸುವುದು, ಆಗಿದೆಯಾ, ಖರಾಬು, ಅಂದರೆ ಸಾಗುವಳಿಗೆ ಬಾರದ ಜಾಗ, ಎಷ್ಟಿದೆ, ಇವನ್ನೆಲ್ಲ ವಕೀಲರು ಹೇಳುತ್ತಾರೆ. ದಾರಿ ಯಾರ್ಯಾರದು ಅನ್ನುವುದನ್ನು ಮಾತ್ರ ಊರಿನವರನ್ನೇ ಕೇಳಬೇಕು.

ದುಡ್ಡಿನ ವಿಷಯ ಮುಚ್ಚಿಡುವುದಿಲ್ಲ. ಎರಡು ಎಕರೆಯಲ್ಲಿ ಒಳ್ಳೆಯ ವರ್ಷ ನಮಗೆ 18 ಕ್ವಿಂಟಾಲ್ ರಾಗಿ ಬಂದಿದೆ. ಮನೆಗೆ ನಾಲ್ಕು ಕ್ವಿಂಟಾಲ್ ಇಟ್ಟುಕೊಂಡು 14 ಮಾರಿದರೆ, 2025-26ರ ಬೆಂಬಲ ಬೆಲೆ 4,886 ರೂಪಾಯಿಯಂತೆ 68 ಸಾವಿರ ಚಿಲ್ಲರೆ. ಅದರಲ್ಲಿ ಉಳುಮೆ, ಗೊಬ್ಬರ, ಸಾಗಾಣಿಕೆ ಕಳೆಯಬೇಕು. ಅರವತ್ತು ತೆಂಗಿನ ಮರ ಇವೆ. ಕಾಯನ್ನು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಬಿಟ್ಟರೆ ನೀರು ಒಣಗಿ ಒಳಗೇ ಉಂಡೆ ಕೊಬ್ಬರಿ ಆಗುತ್ತದೆ, ತಿಪಟೂರು ಮಾರುಕಟ್ಟೆಗೆ ಹಾಕುತ್ತೇವೆ. ಇಷ್ಟರಲ್ಲೇ ಸಂಸಾರ ನಡೆಯುವುದಿಲ್ಲ. ನಮ್ಮ ಮನೆಯವರು ಈಗಲೂ ವಾರಕ್ಕೆ ಮೂರು ದಿನ ಲ್ಯಾಪ್‌ಟಾಪಿನಲ್ಲಿ ಲೆಕ್ಕಪತ್ರದ ಕೆಲಸ ಮಾಡುತ್ತಾರೆ. ಕೆಲಸ ಬಿಟ್ಟು ಮಾರನೆಯ ದಿನವೇ ಭೂಮಿಯಿಂದ ಬದುಕುತ್ತೇನೆ ಅಂತ ಹೊರಡಬೇಡಿ, ದಯವಿಟ್ಟು. ಎರಡು ಮೂರು ವರ್ಷದ ಖರ್ಚು ಕೈಯಲ್ಲಿರಲಿ.

ಹಾಗಾದರೆ ನಮ್ಮಂಥವರಿಂದ ಹಳ್ಳಿಗೇನು ಸಿಗುತ್ತದೆ? ಈ ಪ್ರಶ್ನೆಯನ್ನು ನಾನು ರಾತ್ರಿ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಕೂರಿಗೆ ಹಿಡಿಯಲು ನಮಗೆ ಇನ್ನೂ ಬರುವುದಿಲ್ಲ. ಆದರೆ ನಮಗೆ ಅರ್ಜಿ ತುಂಬಲು ಬರುತ್ತದೆ. ಬೆಂಬಲ ಬೆಲೆಗೆ ರಾಗಿ ಹಾಕಬೇಕಾದರೆ ಎಫ್‌ಐಡಿ, ಅಂದರೆ ಸರ್ಕಾರ ರೈತರಿಗೆ ಕೊಡುವ ಗುರುತಿನ ನಂಬರ್ ಬೇಕು, ಅದಕ್ಕೆ ಪಹಣಿ ಸೇರಿರಬೇಕು, ಹೆಸರಿನ ಒಂದು ಅಕ್ಷರ ಆಧಾರ್‌ನಲ್ಲಿ ಬೇರೆ ಇದ್ದರೆ ಅಲೆದಾಟ. ಸಂಧ್ಯಾ ಸುರಕ್ಷಾ ಪಿಂಚಣಿ ನಿಂತುಹೋದರೆ ಯಾಕೆ ನಿಂತಿತು ಅಂತ ವಯಸ್ಸಾದವರಿಗೆ ಹೇಳುವವರಿಲ್ಲ. ಈಗ ಬುಧವಾರ ಸಂಜೆ ನಮ್ಮ ಜಗಲಿಯಲ್ಲಿ ಐದಾರು ಜನ ಕಾಗದ ಹಿಡಿದು ಕೂತಿರುತ್ತಾರೆ. ನಾನು ಮಾಡಿಕೊಡುತ್ತೇನೆ. ಅದು ಸಮಾಜಸೇವೆ ಅಲ್ಲ, ಮುಯ್ಯಿ. ಅವರ ಒಂದು ದಿನ ನಮ್ಮ ಹೊಲದಲ್ಲಿ, ನನ್ನ ಒಂದು ಸಂಜೆ ಅವರ ಕಾಗದದಲ್ಲಿ.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆದಾಗ ಎಷ್ಟೋ ಊರುಗಳ ಹಾಗೆ ನಮ್ಮೂರಿನ ಹುಡುಗರೂ ರಸ್ತೆಗೆ ಜಾಲಿ ಮುಳ್ಳು ಎಳೆದಿದ್ದರು. ನಮ್ಮ ತಂಗಿ ಮನೆಯವರು ಚಿಕ್ಕ ಮಗು ಕರೆದುಕೊಂಡು ಬೆಂಗಳೂರಿನಿಂದ ಬರಬೇಕಾಯಿತು. ಹಿರಿಯರು ಕೂತು ಮಾತಾಡಿ, ಹದಿನಾಲ್ಕು ದಿನ ತೋಟದ ಶೆಡ್ಡಿನಲ್ಲಿ ಬೇರೆ ಇರಲಿ, ಬರಲಿ ಅಂದರು. ಮುಳ್ಳು ಸರಿಸಿದವನು ಆ ಅಜ್ಜಿಯ ಮೊಮ್ಮಗ. ಆ ಹದಿನಾಲ್ಕು ದಿನವೂ ಬೆಳಿಗ್ಗೆ ಕಾಲುದಾರಿಯ ಬಾಯಿಯಲ್ಲಿ ಮಗುವಿಗೆ ಅಂತ ಒಂದು ಚೊಂಬು ಹಾಲು ಇಟ್ಟಿರುತ್ತಿದ್ದರು. ಯಾರ ಮನೆಯದು ಅಂತ ಕೊನೆಗೂ ಹೇಳಲಿಲ್ಲ. ಆಮೇಲೆ ಒಂದು ರಾತ್ರಿ ನಮ್ಮತ್ತೆಗೆ ಎದೆನೋವು ಬಂತು, ತುಮಕೂರು ಅರವತ್ತು ಕಿಲೋಮೀಟರ್, ಹತ್ತು ನಿಮಿಷದೊಳಗೆ ಮನೆ ಮುಂದೆ ಎರಡು ಗಾಡಿ ನಿಂತಿದ್ದವು.

ಎಲ್ಲ ಊರೂ ಹೀಗೇ ಅಂತ ನಾನು ಹೇಳುತ್ತಿಲ್ಲ. ನಮ್ಮೂರಲ್ಲೂ ಜಾತಿಯ ಗೆರೆ ಇದೆ. ಯಾರ ಮನೆಯೊಳಗೆ ಯಾರು ಬರುತ್ತಾರೆ, ಯಾರು ಹೊಸಿಲಲ್ಲೇ ನಿಲ್ಲುತ್ತಾರೆ ಅನ್ನುವುದು ನಿಮ್ಮ ಕಣ್ಣಿಗೆ ಬಿದ್ದೇ ಬೀಳುತ್ತದೆ. ನಮ್ಮ ಮನೆಯಲ್ಲಿ ಎಲ್ಲರೂ ಒಳಗೇ ಕೂತು ಒಂದೇ ಸಾಲಿನಲ್ಲಿ, ಒಂದೇ ಥರದ ಲೋಟದಲ್ಲಿ ಕಾಫಿ ಕುಡಿಯುತ್ತಾರೆ. ಅದು ಇಷ್ಟವಾಗದೆ ಬರುವುದನ್ನು ಬಿಟ್ಟವರೂ ಇದ್ದಾರೆ. ಅವರ ಮುಯ್ಯಿ ನಮಗೆ ತಪ್ಪಿತು, ತಪ್ಪಲಿ. ಸಾವಧಾನವಾಗಿ ಇರಿ, ಆದರೆ ಈ ಒಂದು ವಿಷಯದಲ್ಲಿ ಊರಿಗೆ ಹೊಂದಿಕೊಳ್ಳಬೇಡಿ.

ಇನ್ನು ಪ್ರಶ್ನೆಗಳಿದ್ದರೆ ಕೇಳಿ. ಅದಕ್ಕೂ ಮೊದಲು ಒಂದು ಮಾತು. ಬರುವ ಭಾನುವಾರ ನಮ್ಮ ರಾಗಿ ಕುಯ್ಲು. ಮಂಗಳವಾರ ಅಜ್ಜಿ ಮನೆಯದು. ಮೆಷಿನ್‌ನಲ್ಲಿ ಕುಯ್ಯಿಸಿದರೆ ದನಕ್ಕೆ ಹುಲ್ಲು ಸರಿಯಾಗಿ ಸಿಗುವುದಿಲ್ಲ, ಅದಕ್ಕೇ ಕೈಯಲ್ಲೇ ಕುಯ್ಯುತ್ತೇವೆ. ನಿಮ್ಮಲ್ಲಿ ಯಾರಿಗಾದರೂ ಬರುವ ಮನಸ್ಸಿದ್ದರೆ ಶನಿವಾರ ರಾತ್ರಿಯೇ ಬಂದುಬಿಡಿ, ಇಬ್ಬನಿ ಇರುವಾಗಲೇ ಶುರು ಮಾಡಬೇಕು, ಬಿಸಿಲೇರಿದರೆ ಕಾಳು ಉದುರುತ್ತದೆ. ಕುಡುಗೋಲು ನಾವು ಕೊಡುತ್ತೇವೆ. ತೋಳು ಮುಚ್ಚುವ ಅಂಗಿ ಮಾತ್ರ ತನ್ನಿ, ರಾಗಿ ಸೊಪ್ಪು ಕೈ ಗೀರುತ್ತದೆ. ಮಧ್ಯಾಹ್ನಕ್ಕೆ ಮುದ್ದೆ, ಅವರೆಕಾಳು ಸಾರು. ಮಂಗಳವಾರಕ್ಕೂ ಉಳಿಯುವವರು ಈಗಲೇ ಹೇಳಿ, ಅಜ್ಜಿಗೆ ಎಷ್ಟು ಆಳು ಅಂತ ತಿಳಿಸಬೇಕು.