ರಾತ್ರಿ ಪಾಳಿಯ ಒಂದು ಪ್ರಶ್ನೆ

ಕೇಳುಗರಿಗೆ ನಮಸ್ಕಾರ.

ರಾತ್ರಿ ಎರಡು ಗಂಟೆ. ವಾರ್ಡಿನಲ್ಲಿ ವಯಸ್ಸಾದವರೊಬ್ಬರಿಗೆ ಮೂತ್ರದ ಸೋಂಕು, ಚಳಿಜ್ವರ. ಹೃದಯದ ಕವಾಟ ಬದಲಾಯಿಸಿಕೊಂಡವರು; ರಕ್ತ ಹೆಪ್ಪುಗಟ್ಟದಿರಲೆಂದು ದಿನವೂ ವಾರ್ಫರಿನ್ ಮಾತ್ರೆ ನುಂಗುವವರು. ಡ್ಯೂಟಿ ಡಾಕ್ಟರು ಕೋಟ್ರೈಮಾಕ್ಸಜೋಲ್ ಎಂಬ ಆಂಟಿಬಯಾಟಿಕ್ ಬರೆಯಲು ಹೊರಟವರು ಪೆನ್ನು ಎತ್ತಿ ಹಿಡಿದು ನಿಲ್ಲುತ್ತಾರೆ. ಇವೆರಡನ್ನೂ ಒಟ್ಟಿಗೆ ಕೊಟ್ಟರೆ ರಕ್ತಸ್ರಾವವಾದೀತು ಎಂದು ಎಂದೋ ಓದಿದ ನೆನಪು. ನೆನಪು ಸಾಲದು, ಈಗಲೇ ಖಾತ್ರಿಯಾಗಬೇಕು.

ಆಗ ಅವರು ಮಾಡುವ ಮೊದಲ ಕೆಲಸ, ಬಹುಪಾಲು, ಹಿರಿಯರೊಬ್ಬರಿಗೆ ಫೋನು. 1985ರಲ್ಲಿ ಅಮೆರಿಕದಲ್ಲಿ ಹೊರರೋಗಿಗಳನ್ನು ನೋಡುವ ವೈದ್ಯರ ಜೊತೆಗೇ ಕುಳಿತು ಒಂದು ಅಧ್ಯಯನ ನಡೆಯಿತು. ಮೂವರು ರೋಗಿಗಳಿಗೆ ಸುಮಾರು ಎರಡರಂತೆ ಪ್ರಶ್ನೆ ಏಳುತ್ತಿದ್ದವು. ರೋಗಿ ಎದುರಿಗಿರುವಾಗಲೇ ಉತ್ತರ ಸಿಕ್ಕಿದ್ದು ಶೇಕಡಾ 30ಕ್ಕೆ ಮಾತ್ರ. ಅದೂ ಹೆಚ್ಚಾಗಿ ಇನ್ನೊಬ್ಬ ವೈದ್ಯರನ್ನೋ ಸಹೋದ್ಯೋಗಿಯನ್ನೋ ಕೇಳಿ.

ಕೇಳುವುದು ತಪ್ಪೆಂದು ನಾನು ಹೇಳುವುದಿಲ್ಲ. "ಇವರಿಗೆ ಈ ಔಷಧ ಬೇಡ, ನಾಳೆಯವರೆಗೆ ನೋಡೋಣ" ಎಂಬ ಅನುಭವದ ಮಾತು ಯಾವ ಪುಸ್ತಕದಲ್ಲೂ ಸಿಗದು. ಆದರೆ ಹಿರಿಯರು ಕಲಿತದ್ದು ಹಳತಾಗಿದ್ದರೆ? ಅವಧಿಗೆ ಮುನ್ನ ಹೆರಿಗೆಯಾಗುವ ಸಂಭವವಿದ್ದಾಗ ತಾಯಿಗೆ ಸ್ಟೀರಾಯ್ಡ್ ಚುಚ್ಚುಮದ್ದು ಕೊಟ್ಟರೆ ಮಗುವಿನ ಶ್ವಾಸಕೋಶ ಬಲಿಯುತ್ತದೆಂದು ನ್ಯೂಜಿಲೆಂಡಿನ ವೈದ್ಯರಾದ ಲಿಗಿನ್ಸ್ ಮತ್ತು ಹೋವಿ 1972ರಲ್ಲೇ ಪ್ರಕಟಿಸಿದ್ದರು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು ಕರೆದ ತಜ್ಞರ ಸಭೆ ಅದನ್ನು ಒತ್ತಿ ಹೇಳಿದ್ದು 1994ರಲ್ಲಿ. ನಡುವೆ ಇಪ್ಪತ್ತೆರಡು ವರ್ಷ! ಉಸಿರಿಗಾಗಿ ಒದ್ದಾಡಿದ ಆ ಪುಟ್ಟ ಎದೆಗಳನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ.

ಈಗ ವೈದ್ಯಕೀಯ ಲೇಖನಗಳನ್ನು ಅಂತರ್ಜಾಲದಲ್ಲಿ ಹುಡುಕಲು ಪಬ್‌ಮೆಡ್ ಇದೆ. ಅದರಲ್ಲಿ ಮೂರೂವರೆ ಕೋಟಿಗೂ ಹೆಚ್ಚು ಲೇಖನಗಳ ವಿವರ. ವಾರ್ಡಿನ ಮಧ್ಯೆ ನಿಂತವರು ಅದರಲ್ಲಿ ಏನನ್ನು ಆರಿಸಿಯಾರು? ಅದಕ್ಕೇ ಬಿಡಿ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ತೂಗುವ ಕೆಲಸ ಬೇಕಾಯಿತು. 1993ರಲ್ಲಿ ಹುಟ್ಟಿದ ಕಾಕ್ರೇನ್ ಸಂಸ್ಥೆ ಮಾಡುತ್ತಿರುವುದು ಅದನ್ನೇ. ತೂಗಿದ್ದು ಸಿಕ್ಕಮೇಲೂ ಎರಡು ವಿಷಯ ನೋಡಲೇಬೇಕು: ಅದನ್ನು ಯಾವಾಗ ಪರಿಷ್ಕರಿಸಿದ್ದಾರೆ, ಪ್ರಯೋಗದಲ್ಲಿ ಯಾರಿದ್ದರು. ಎಂಬತ್ತು ದಾಟಿದವರು, ಮೂತ್ರಪಿಂಡ ಸೋತವರು ಎಷ್ಟೋ ಪ್ರಯೋಗಗಳಲ್ಲಿ ಇರುವುದೇ ಇಲ್ಲ. ವಾರ್ಡು ತುಂಬ ಇರುವವರು ಅವರೇ.

ಆ ರಾತ್ರಿಯ ಡಾಕ್ಟರು ಫೋನನ್ನೂ ಮಾಡಿದರು, ಔಷಧ ಕೈಪಿಡಿಯನ್ನೂ ತೆರೆದರು. ಎರಡೂ ಕಡೆ ಬೇಡವೆಂದೇ ಬಂತು. ಮೂತ್ರಪಿಂಡ ಹೇಗೆ ಕೆಲಸ ಮಾಡುತ್ತಿದೆಯೆಂದು ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆ ನೋಡಿ, ಬೇರೆ ಆಂಟಿಬಯಾಟಿಕ್ಕನ್ನು ಅದಕ್ಕೆ ತಕ್ಕ ಪ್ರಮಾಣದಲ್ಲಿ ಬರೆದರು. ಕೇಸ್ ಶೀಟಿನ ಕೆಳಗೆ ಒಂದು ಸಾಲು ಸೇರಿಸಿದರು: "ವಾರ್ಫರಿನ್ ಇರುವುದರಿಂದ ಕೋಟ್ರೈಮಾಕ್ಸಜೋಲ್ ಕೊಟ್ಟಿಲ್ಲ. ಬೆಳಿಗ್ಗೆ ಐಎನ್‌ಆರ್ ನೋಡಿ." ಐಎನ್‌ಆರ್ ಎಂದರೆ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆಂದು ಅಳೆಯುವ ಪರೀಕ್ಷೆ. ಬೆಳಗಿನ ಪಾಳಿಗೆ ಬಂದವರು ಮೊದಲು ಓದಿದ್ದು ಆ ಸಾಲನ್ನೇ.